ಸುಡದ ಕಿಡಿ, ಸುಟ್ಟ ತಂಬಿಗೆ

ರಜೆಗೆ ಬಂದಿದ್ದ ಮೊಮ್ಮಗಳಿಗೆ ನಮ್ಮ ಹುಬ್ಬಳ್ಳಿ ಮನೆಯ ಬಚ್ಚಲ ಒಲೆಯೇ ದೊಡ್ಡ ಸೋಜಿಗ. ಬೆಂಗಳೂರಿನಲ್ಲಿ ನಲ್ಲಿ ತಿರುಗಿಸಿದರೆ ಬಿಸಿನೀರು. ಇಲ್ಲಿ ಕಟ್ಟಿಗೆ ಇಡಬೇಕು, ಊದಬೇಕು, ಕಣ್ಣು ಉರಿಸಿಕೊಳ್ಳಬೇಕು. ಒಂದು ಬೆಳಿಗ್ಗೆ ಕಟ್ಟಿಗೆ ಚಟ್ಟೆಂದು ಸಿಡಿದು ಕಿಡಿಯೊಂದು ಅವಳ ಅಂಗೈ ಮೇಲೆ ಬಿತ್ತು. ಸೂಜಿ ಚುಚ್ಚಿದಂತಾಯಿತು, ಅಷ್ಟೇ, ಕೊಡವಿಕೊಂಡಳು. ಅದೇ ಹುಡುಗಿ ಮರುಕ್ಷಣ ಹಂಡೆಯಿಂದ ತೋಡಿದ ತಂಬಿಗೆ ನೀರಿಗೆ ಬೆರಳು ಅದ್ದಿ ಓಣಿಗೆಲ್ಲ ಕೇಳುವಂತೆ ಕಿರುಚಿದಳು.

ತಣ್ಣೀರಿನಲ್ಲಿ ಕೈ ಇಟ್ಟುಕೊಂಡು, ಅಳುತ್ತಲೇ ಕೇಳಿದಳು: “ಅಜ್ಜಾ, ಕಿಡಿ ಜಾಸ್ತಿ ಬಿಸಿಯೋ, ನೀರು ಜಾಸ್ತಿ ಬಿಸಿಯೋ?”

ಕಿಡಿಯೇ. ಕೆಂಪಗೆ ಹೊಳೆಯುವ ಕಿಡಿ ಏಳೆಂಟು ನೂರು ಡಿಗ್ರಿ ಸೆಲ್ಸಿಯಸ್ ಇದ್ದೀತು. ನೀರು ನೂರನ್ನೂ ಮುಟ್ಟಿರಲಿಲ್ಲ. ವಸ್ತುವಿನ ಕಣಗಳು ಎಷ್ಟು ಜೋರಾಗಿ ಕುಣಿಯುತ್ತವೆ ಎಂಬುದರ ಅಳತೆ ತಾಪಮಾನ. ಆದರೆ ಕಿಡಿಯಲ್ಲಿ ಕುಣಿಯುವವರು ಕಡಿಮೆ, ತಂಬಿಗೆಯಲ್ಲಿ ದೊಡ್ಡ ಜಾತ್ರೆಯೇ ಇದೆ. ಕೈಗೆ ದಾಟುವ ಶಾಖ ಆ ಜಾತ್ರೆಯದು. (ಹಾಗೆಂದು ಯಾರೂ ಕಿಡಿ ಹಿಡಿಯಲು ಹೋಗಬೇಡಿ, ಮಕ್ಕಳೇ. ಕಣ್ಣಿಗೆ ಬಿದ್ದರೆ ಕಥೆ ಬೇರೆ.)

“ಹಾಗಾದ್ರೆ ಎಲ್ಲಕ್ಕಿಂತ ಬಿಸಿ ಯಾವುದು?”

ಏಣಿ ಹತ್ತಿದೆವು. ಕಬ್ಬಿಣ ಕರಗುವುದು 1,538 ಡಿಗ್ರಿಗೆ. ಸೂರ್ಯನ ಮೇಲ್ಮೈ ಸುಮಾರು 5,500. ಮಳೆಗಾಲದ ಒಂದು ಮಿಂಚು ತನ್ನ ದಾರಿಯ ಗಾಳಿಯನ್ನು ಸುಮಾರು 30,000 ಡಿಗ್ರಿಗೆ ಕಾಯಿಸುತ್ತದೆ, ಅಂದರೆ ಸೂರ್ಯನ ಮೇಲ್ಮೈಯ ಐದು ಪಟ್ಟು. ಸೂರ್ಯನ ಹೊಟ್ಟೆಯೊಳಗೆ ಒಂದೂವರೆ ಕೋಟಿ.

ಇಲ್ಲಿಯವರೆಗೆ ಸರಿ. ವಿಚಿತ್ರ ಇರುವುದು ಸೂರ್ಯನ ಹೊರಗೆ. ಮೇಲ್ಮೈಯ ಸುತ್ತ ಕರೋನಾ ಎಂಬ ತೆಳು ಪ್ರಭಾವಳಿ ಇದೆ. ಒಲೆಯಿಂದ ದೂರ ಸರಿದಷ್ಟೂ ತಂಪಾಗಬೇಕಲ್ಲವೇ? ಅಲ್ಲಿ ಹತ್ತು ಲಕ್ಷ ಡಿಗ್ರಿಗೂ ಮೇಲೆ! ಇದು ಸೂರ್ಯನ ಕಾಂತಕ್ಷೇತ್ರದ ಕೈವಾಡ ಎಂದು ವಿಜ್ಞಾನಿಗಳು ಹೇಳುತ್ತಾರೆ. ನಿಖರವಾಗಿ ಹೇಗೆ ಎಂಬ ವಾದ ಇನ್ನೂ ಮುಗಿದಿಲ್ಲ.

ಆ ಪ್ರಭಾವಳಿ ಬರಿಗಣ್ಣಿಗೆ ಕಾಣುವುದು ಪೂರ್ಣ ಸೂರ್ಯಗ್ರಹಣದ ಕೆಲವೇ ನಿಮಿಷ. 1980ರ ಫೆಬ್ರುವರಿ 16ರ ಮಧ್ಯಾಹ್ನ ಅದು ನಮ್ಮ ಊರಿನ ಮೇಲೆಯೇ ಬಂದಿತ್ತು. ನನಗೆ ಹನ್ನೆರಡು ವರ್ಷ. ಎಲ್ಲಿಂದಲೋ ವಿಜ್ಞಾನಿಗಳು ದೂರದರ್ಶಕ ಹೊತ್ತುಕೊಂಡು ಬಂದಿದ್ದರು. ನಮ್ಮ ಮನೆಯಲ್ಲಿ ಕಿಟಕಿಗಳಿಗೆ ಕಂಬಳಿ. “ಹೊರಗ ಕಾಲಿಟ್ಟಿ ಅಂದ್ರ ಕಾಲು ಮುರೀತೀನಿ” ಎಂದರು ನಮ್ಮಜ್ಜ. ಕತ್ತಲಾಯಿತು, ಹಕ್ಕಿಗಳು ಗೂಡಿಗೆ ಮರಳುವ ಸದ್ದು ಕೇಳಿತು, ಮತ್ತೆ ಬೆಳಕಾಯಿತು. ನಾನು ನೋಡಿದ್ದು ಕಂಬಳಿಯ ಕಪ್ಪು ಪಟ್ಟಿ. ಅಜ್ಜನ ಮೇಲೆ ಸಿಟ್ಟಿಲ್ಲ, ಅವರಿಗೆ ನನ್ನ ಕಣ್ಣಿನ ಚಿಂತೆ. ಆದರೂ ಹೊಟ್ಟೆಯಲ್ಲಿ ಏನೋ ಉಳಿದುಬಿಟ್ಟಿದೆ.

ಈಗ ಅಲ್ಲಿಗೆ ನೌಕೆಯೇ ಹೋಗಿದೆ. 2024ರ ಡಿಸೆಂಬರ್ 24ರಂದು ನಾಸಾದ ಪಾರ್ಕರ್ ನೌಕೆ ಸೂರ್ಯನಿಂದ 61 ಲಕ್ಷ ಕಿಲೋಮೀಟರ್ ದೂರದಲ್ಲಿ, ಕರೋನಾದೊಳಗೇ ಹಾದುಹೋಯಿತು.

“ಕರಗಲಿಲ್ವಾ?”

ಇಲ್ಲ. ಅದರ ಮುಂದೆ ಅರ್ಧ ಗೇಣು ದಪ್ಪದ ಇಂಗಾಲದ ಗುರಾಣಿ. ಅದು ತಡೆಯಬಲ್ಲದ್ದು ಸುಮಾರು 1,400 ಡಿಗ್ರಿ ಮಾತ್ರ. ಆದರೂ ಸಾಕು, ಏಕೆಂದರೆ ಕರೋನಾದಲ್ಲಿ ಕಣಗಳು ಅಷ್ಟು ವಿರಳ. ಗುರಾಣಿ ಕಾಯುವುದು ಹೆಚ್ಚಾಗಿ ಸೂರ್ಯನ ಬೆಳಕಿನಿಂದಲೇ. ಅದರ ಹಿಂದಿನ ಉಪಕರಣಗಳು ಸುಮಾರು 30 ಡಿಗ್ರಿಯಲ್ಲಿ ಹಾಯಾಗಿ ಕುಳಿತಿರುತ್ತವೆ. ರಾಯಚೂರಿನ ಮೇ ತಿಂಗಳಿಗಿಂತ ತಂಪು!

“ಅಂದ್ರೆ ಕರೋನಾ ಕಿಡಿ ಥರ” ಎಂದಳು. ನಾನು ಬಾಯಿ ಬಿಡುವ ಮೊದಲೇ.

ಇನ್ನು ಮನುಷ್ಯರು. ಸೂರ್ಯನ ಹಾಗೆ ಶಕ್ತಿ ಪಡೆಯಲು ಹೊರಟವರು ಯಂತ್ರಗಳೊಳಗೆ ಹತ್ತು ಕೋಟಿ ಡಿಗ್ರಿ ದಾಟಿದ್ದಾರೆ. ಸ್ವಿಟ್ಜರ್ಲೆಂಡ್-ಫ್ರಾನ್ಸ್ ಗಡಿಯಲ್ಲಿ, ಸರ್ನ್ ಪ್ರಯೋಗಾಲಯದ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿ, ಸೀಸದ ಪರಮಾಣುಗಳ ಬೀಜಗಳನ್ನು ಬೆಳಕಿನ ವೇಗದ ಸಮೀಪಕ್ಕೆ ಓಡಿಸಿ ಡಿಕ್ಕಿ ಹೊಡೆಸುತ್ತಾರೆ. 2012ರಲ್ಲಿ ಅಲ್ಲಿ ಸಿಕ್ಕ ತಾಪಮಾನ ಸುಮಾರು ಐದೂವರೆ ಲಕ್ಷ ಕೋಟಿ ಡಿಗ್ರಿ. ದೊಡ್ಡ ನಕ್ಷತ್ರ ಕುಸಿದು ಸಿಡಿಯುವಾಗ ಅದರ ಗರ್ಭದಲ್ಲಿ ಇರುವುದು ಹತ್ತು ಸಾವಿರ ಕೋಟಿಯ ಆಸುಪಾಸು. ವಿಶ್ವ ಹುಟ್ಟಿದ ಮೊದಲ ಕ್ಷಣಗಳನ್ನು ಬಿಟ್ಟರೆ ಸರ್ನ್‌ನ ಬಿಸಿಗೆ ಸಾಟಿ ಹುಡುಕುವುದು ಕಷ್ಟ.

“ಸುರಂಗ ಸುಟ್ಟುಹೋಗಲ್ವಾ?”

“ನೀನೇ ಹೇಳು” ಎಂದೆ. ಬೆರಳು ನೋಡಿಕೊಂಡಳು. “ಅದೂ ಕಿಡಿನೇ.” ಹೌದು, ಪರಮಾಣುವಿನ ಬೀಜದಷ್ಟು ಚಿಕ್ಕ ಕಿಡಿ. ಅದರ ಅಷ್ಟೂ ಶಾಖ ಸುರಿದರೂ ನಮ್ಮ ತಂಬಿಗೆಯ ನೀರು ಬೆಚ್ಚಗಾಗುವುದಿಲ್ಲ.

ಕೊನೆಗೆ ಅವಳೇ ನನ್ನ ಗ್ರಹಣದ ವಿಷಯ ಎತ್ತಿದಳು. ಭಾರತದ ನೆಲದಲ್ಲಿ ಮುಂದಿನ ಪೂರ್ಣಗ್ರಹಣ 2034ರ ಮಾರ್ಚ್ 20ರಂದು, ಲಡಾಖ್ ಕಡೆ. ಆಗ ನನಗೆ ಅರವತ್ತಾರು. ಇಬ್ಬರೂ ಹೋಗುವುದು, ಸೂರ್ಯ ಪೂರ್ತಿ ಮುಚ್ಚುವವರೆಗೆ ಗ್ರಹಣದ ಕನ್ನಡಕ ತೆಗೆಯದಿರುವುದು ಎಂದು ತೀರ್ಮಾನವಾಯಿತು.

“ಮಾರ್ಚ್ ಅಂದರೆ ನಿನಗೆ ಪರೀಕ್ಷೆ ಇರುತ್ತಲ್ಲ?” ಎಂದೆ.

“ಪರೀಕ್ಷೆ ಮುಂದಿನ ವರ್ಷವೂ ಬರುತ್ತೆ ಅಜ್ಜಾ.”

ಈ ವಾರದ ಸಂಚಿಕೆ ಅವಳಮ್ಮನ ಕೈಗೆ ಸಿಗದಿರಲಿ.