ಚಾರ್ಮಾಡಿಯಲ್ಲಿ ಬಟ್ಟೆ ಹೋಯಿತು, ರಸ್ತೆ ತೆರವಾಯಿತೆ?

ಮುಂಗಾರು ಹಿಡಿಯಿತೆಂದರೆ ಚಾರ್ಮಾಡಿ ಘಾಟಿಯಲ್ಲಿ ಜಾತ್ರೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಇಳಿಯುವ ಕಾರುಗಳು ಮೊದಲ ನೀರು ಕಂಡಲ್ಲೇ ಗಕ್ಕನೆ ನಿಲ್ಲುತ್ತವೆ. ಹಿಂದೆ ಬಸ್ಸು, ಅದರ ಹಿಂದೆ ಲಾರಿ, ಮೇಲೆ ಮಂಜು. ಹತ್ತು ಮಾರು ದೂರದ್ದು ಕಾಣುವುದಿಲ್ಲ. ಆ ನಡುವೆ ಮಕ್ಕಳು ಕುರುಕಲು ತಿಂಡಿ ಹಿಡಿದು ಕೋತಿಗಳ ಹಿಂದೆ ರಸ್ತೆ ದಾಟುತ್ತಿರುತ್ತಾರೆ.

ಜನ ನಿಲ್ಲುವುದೇ ತಪ್ಪು ಅನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಹೆಬ್ಬೆ ಜಲಪಾತ ನೋಡಬೇಕಾದರೆ ಜೀಪು ಬೇಕು, ಕಾಲಲ್ಲಿ ಕಸುವು ಬೇಕು. ಚಾರ್ಮಾಡಿಯಲ್ಲಿ ಟಿಕೇಟಿಲ್ಲ, ಮೆಟ್ಟಿಲಿಲ್ಲ. ಮಂಡಿನೋವಿನ ಅಜ್ಜಿ ಸೀಟಿನಲ್ಲೇ ಕೂತು ಅಲೇಖಾನ್ ಜಲಪಾತ ನೋಡಬಹುದು, ಮೊಮ್ಮಗ ಕೈ ಚಾಚಿ ನೀರು ಮುಟ್ಟಬಹುದು. ಬಡವರ ಸಂಸಾರಕ್ಕೆ ಇಷ್ಟು ಸುಲಭದ ಸಂತೋಷ ಜಿಲ್ಲೆಯಲ್ಲಿ ಇನ್ನೆಲ್ಲಿದೆ ಹೇಳಿ? ಅದೂ ಮಳೆಗಾಲದ ಕೆಲವು ತಿಂಗಳು ಮಾತ್ರ. ಬೇಸಿಗೆಯಲ್ಲಿ ಹೋದರೆ ಒಣ ಬಂಡೆ.

ಆದರೆ ಇದು ಬರೀ ನೋಟದ ರಸ್ತೆಯಲ್ಲ, ರಾಷ್ಟ್ರೀಯ ಹೆದ್ದಾರಿ 73. ಮೂಡಿಗೆರೆ ಕಡೆಯ ರೋಗಿಗಳನ್ನು ಹೊತ್ತ ಆಂಬುಲೆನ್ಸು ಮಂಗಳೂರಿನ ದೊಡ್ಡಾಸ್ಪತ್ರೆಗಳಿಗೆ ಇಳಿಯುವುದು ಇದರಲ್ಲೇ. ಶಿರಾಡಿಯಲ್ಲಿ ಗುಡ್ಡ ಕುಸಿದರೆ ಅಲ್ಲಿನ ವಾಹನಗಳೂ ಇತ್ತ ತಿರುಗುತ್ತವೆ. ಹೇರ್‌ಪಿನ್ ತಿರುವಿನಲ್ಲಿ ನಾಲ್ಕು ಕಾರು ಅಡ್ಡ ನಿಂತರೆ ಎದೆನೋವಿನವನ ಗತಿ ಏನು? ಸೆಲ್ಫಿ ತೆಗೆಯುವವರಿಗೆ ಸೈರನ್ ಕೇಳುವುದಿಲ್ಲ, ನೀರಿನ ಸದ್ದೇ ಜಾಸ್ತಿ.

ಪೊಲೀಸರು ಸುಮ್ಮನೆ ಕೂತಿಲ್ಲ. 2024ರ ಜುಲೈನಲ್ಲಿ ಬಂಡೆ ಹತ್ತಿ ನೀರಿಗೆ ನಿಂತವರ ಬಟ್ಟೆಗಳನ್ನೇ ಎತ್ತಿಕೊಂಡು ಹೊರಟರು. ಹುಡುಗರು ಬರಿಮೈಯಲ್ಲಿ ‘ಸಾರ್ ಸಾರ್’ ಅಂತ ಹಿಂದೆ ಓಡಿದ್ದನ್ನು ಊರೆಲ್ಲ ಮೊಬೈಲಿನಲ್ಲಿ ನೋಡಿ ನಕ್ಕಿತು. ಗೋಪಿಕೆಯರ ಕಥೆ ನೆನಪಾಯಿತೆಂದವರೂ ಉಂಟು. ನಗು ಸರಿ. ಆದರೆ ಪೊಲೀಸರು ದಿನವಿಡೀ ಬಟ್ಟೆ ಕಾಯುತ್ತ ಕೂರಲಾಗುತ್ತದೆಯೆ?

ಇಲ್ಲಿ ಮನೆ ಒಂದು, ಯಜಮಾನರು ನಾಲ್ವರು. ರಸ್ತೆ ಹೆದ್ದಾರಿ ಇಲಾಖೆಯದು, ಗುಡ್ಡ ಅರಣ್ಯದವರದು, ದಟ್ಟಣೆ ಪೊಲೀಸರದು, ‘ಬನ್ನಿ ಬನ್ನಿ’ ಅನ್ನುವ ಕೆಲಸ ಪ್ರವಾಸೋದ್ಯಮದವರದು. ಸಾಲದ್ದಕ್ಕೆ ಘಾಟಿಯ ಅರ್ಧ ನಮ್ಮದು, ಅರ್ಧ ದಕ್ಷಿಣ ಕನ್ನಡದ್ದು. ಬಂದವರಿಗೆ ಗಾಡಿ ಎಲ್ಲಿ ನಿಲ್ಲಿಸಿ ಅಂತ ಹೇಳುವವರು ಮಾತ್ರ ಯಾರೂ ಇಲ್ಲ. ಹೆಂಗಸರಿಗೆ ಶೌಚಾಲಯ ಎಲ್ಲಿ ಅಂತ ಕೇಳಿದರೆ ಆ ನಾಲ್ವರೂ ಮಂಜಿನಲ್ಲಿ ಮಾಯ!

ರಸ್ತೆ ಅಗಲ ಮಾಡಿದರೆ ಎಲ್ಲ ಸರಿಹೋದೀತು ಎಂಬ ಮಾತು ಓಡಾಡುತ್ತಿದೆ. ಅಗಲವಾದ ರಸ್ತೆಯಲ್ಲಿ ಗಾಡಿ ಇನ್ನೂ ಜೋರಾಗಿ ಓಡುತ್ತದೆ, ಅದೇ ಮಗು ಅದೇ ಕೋತಿಯ ಹಿಂದೆ ದಾಟುತ್ತದೆ. ಪಾರ್ಕಿಂಗಿಗೆ ಗುಡ್ಡ ಕಡಿಯೋಣವೆಂದರೆ 2019ರ ಆಗಸ್ಟನ್ನು ನೆನೆಯಬೇಕು. ಒಂದೇ ಮಳೆಗೆ ಹತ್ತಾರು ಕಡೆ ಮಣ್ಣು ಜರಿದು ಘಾಟಿಯೇ ಬಂದಾಯಿತು. ಮತ್ತೆ ತೆರೆದಾಗಲೂ ಮೊದಲು ಬಿಟ್ಟದ್ದು ಚಿಕ್ಕ ಗಾಡಿಗಳನ್ನು ಮಾತ್ರ.

ಮುಳ್ಳಯ್ಯನಗಿರಿಗೆ 2025ರ ಸೆಪ್ಟೆಂಬರಿನಲ್ಲಿ ಮುಂಗಡ ನೋಂದಣಿ, ಗಾಡಿಗಳ ಲೆಕ್ಕ ಎಲ್ಲ ಜಾರಿಗೆ ತಂದರು. ಹೆದ್ದಾರಿಯಲ್ಲಿ ಆ ಆಟ ನಡೆಯದು. ಧರ್ಮಸ್ಥಳಕ್ಕೆ ಹೊರಟವನ ಹತ್ತಿರ ಚೀಟಿ ಕೇಳಲಾಗುತ್ತದೆಯೆ? ಹಾದು ಹೋಗುವವನನ್ನು ತಡೆಯುವಂತಿಲ್ಲ, ನಿಲ್ಲುವವನಿಗೆ ಬೇರೆ ದಾರಿ ತೋರಿಸಬಹುದು.

ಕೊಟ್ಟಿಗೆಹಾರ ಇದಕ್ಕೆ ಹೇಳಿಸಿದ ಜಾಗ. ಮಳೆಗಾಲದ ಶನಿವಾರ, ಭಾನುವಾರ ನೋಡಲು ಬಂದವರ ಕಾರು ಅಲ್ಲೇ ನಿಲ್ಲಲಿ. ಸಾರಿಗೆ ಸಂಸ್ಥೆಯ ನಾಲ್ಕು ಮಿನಿ ಬಸ್ಸು ಅಲೇಖಾನ್‌ವರೆಗೆ ಹೋಗಿ ಬರಲಿ. ಇಳಿಯುವಲ್ಲಿ ಒಂದು ಕಟಕಟೆ ಇರಲಿ, ಮಕ್ಕಳು ರಸ್ತೆಗೆ ಬಾರದಂತೆ. ಉಳಿದ ತಿರುವುಗಳಲ್ಲಿ ನಿಂತ ಗಾಡಿಗೆ ಮುಲಾಜಿಲ್ಲದೆ ದಂಡ. ಕಾರು ಒಂದು ಗಂಟೆ ನಿಂತರೆ ಕೊಟ್ಟಿಗೆಹಾರದ ಹೋಟೆಲಿನವರಿಗೆ ಇನ್ನೆರಡು ದೋಸೆ ವ್ಯಾಪಾರ, ಅವರೇಕೆ ಬೇಡವೆನ್ನುತ್ತಾರೆ?

ಇದಕ್ಕೆ ಕೋಟಿಗಟ್ಟಲೆ ಹಣ ಬೇಡ, ನಾಲ್ಕು ಇಲಾಖೆಯವರು ಒಂದು ಮೇಜಿಗೆ ಬಂದರೆ ಸಾಕು. ಜಿಲ್ಲಾಡಳಿತ ಆ ಸಭೆಯನ್ನು ಎ.ಸಿ. ಕೋಣೆಯಲ್ಲಿ ಕರೆಯುವುದು ಬೇಡ. ಕೊಟ್ಟಿಗೆಹಾರದಲ್ಲೇ ಕರೆಯಲಿ, ಜುಲೈ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಹನ್ನೆರಡು ಗಂಟೆಗೆ. ಸಾಹೇಬರ ಗಾಡಿಗಳು ಎಷ್ಟು ಹೊತ್ತಿಗೆ ಬಂದು ಮುಟ್ಟುತ್ತವೋ ನೋಡೋಣ.