ಸಮೃದ್ಧಿ ಮಾರ್ಗದಲ್ಲಿ ಬಡ ಟಯರುಗಳು

ಕಳೆದ ತಿಂಗಳ ಸಭೆಯಲ್ಲಿ ನಮ್ಮ ಸಂಘದ ಯುವಕರು ಒಂದು ಸೂಚನೆ ಮುಂದಿಟ್ಟರು. ಬರುವ ರಾಜ್ಯೋತ್ಸವದ ಕೂಟಕ್ಕೆ ನಾಸಿಕದ ಕುಟುಂಬಗಳೆಲ್ಲ ಛತ್ರಪತಿ ಸಂಭಾಜಿನಗರಕ್ಕೆ ಕಾರುಗಳ ಮೆರವಣಿಗೆಯಲ್ಲಿ ಹೋಗಬೇಕು. ಕಾರುಗಳಿಗೆ ಹಳದಿ-ಕೆಂಪು ಬಾವುಟ ಕಟ್ಟಬೇಕು. ಸಿನ್ನರ ಬಳಿಯ ಗೋಂದೆಯಲ್ಲಿ ಸಮೃದ್ಧಿ ಮಹಾಮಾರ್ಗ ಏರಿ, ಸಾವಂಗಿಯಲ್ಲಿ ಮೊದಲು ಇಳಿದವರಿಗೆ ಬಹುಮಾನ ಕೊಡಬೇಕು. ಚಪ್ಪಾಳೆ ಬಿತ್ತು. ಹಿರಿಯರೂ ತಲೆದೂಗಿದರು. ನಾವೊಬ್ಬರು ಎದ್ದು, "ಟಯರುಗಳನ್ನು ಯಾರು ನೋಡುತ್ತಾರೆ?" ಎಂದು ಕೇಳಿದೆವು. ಸಭೆಯಲ್ಲಿ ನಗು ಎದ್ದಿತು. ಆ ನಗುವಿಗೆ ನಮ್ಮ ಉತ್ತರ ಈ ಲೇಖನ.

ಮೊದಲಿಗೆ ಕಾನೂನಿನ ಮಾತು. ಸರಕಾರದ ಒಪ್ಪಿಗೆಯಿಲ್ಲದೆ ಸಾರ್ವಜನಿಕ ರಸ್ತೆಯ ಮೇಲೆ ವಾಹನಗಳ ಪಂದ್ಯ ನಡೆಸುವುದು 1988ರ ಮೋಟಾರು ವಾಹನ ಕಾಯ್ದೆಯ 189ನೆಯ ಕಲಮಿನ ಪ್ರಕಾರ ಅಪರಾಧ. ಕನ್ನಡದ ಬಾವುಟ ಕಟ್ಟಿಕೊಂಡು ಅಪರಾಧಕ್ಕೆ ಹೊರಡುವ ಮೊದಲು ಕಾರ್ಯಕಾರಿ ಸಮಿತಿ ಇಷ್ಟನ್ನಾದರೂ ಓದಬೇಕಿತ್ತು. ಆದರೆ ನಮ್ಮ ಜಗಳ ಬಹುಮಾನದೊಂದಿಗೆ ಮುಗಿಯುವುದಿಲ್ಲ. ಬಹುಮಾನವಿಲ್ಲದೆಯೂ ನಾವೆಲ್ಲ ಆ ರಸ್ತೆಯಲ್ಲಿ ದಿನವೂ ಪಂದ್ಯವನ್ನೇ ಓಡುತ್ತಿದ್ದೇವೆ.

ಸಭೆ ಮುಗಿದ ಮೇಲೆ ಒಬ್ಬ ತರುಣ ನಮ್ಮನ್ನು ಪಕ್ಕಕ್ಕೆ ಕರೆದ. ಜಾಣ ಹುಡುಗ, ಒಳ್ಳೆಯ ನೌಕರಿ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯಲ್ಲಿರುವ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ರೇಸ್ ಟ್ರ್ಯಾಕಿನಲ್ಲಿ ತನ್ನದೇ ಕಾರು ಓಡಿಸಿ ಬಂದವನು. "ಕಾಕಾ, ನೀವು ಸುಮ್ನ ಅಂಜತೀರಿ. ಟ್ರ್ಯಾಕಿನ್ಯಾಗ ಇದ ಕಾರು, ಇದ ಟಯರು ಹಾಕ್ಕೊಂಡು ಹೊಡದೀನಿ. ಗಾಳಿ ಸ್ವಲ್ಪ ಕಡಿಮಿ ಇಟ್ಟ್ರ ಹಿಡಿತ ಚಲೋ ಸಿಗತದ" ಎಂದ.

ಈ ಮಾತಿನಲ್ಲೇ ರೋಗದ ಬೇರು ಇದೆ. ಟ್ರ್ಯಾಕಿನಲ್ಲಿ ಗಾಳಿ ಕಡಿಮೆ ಇಡುವುದು ಸುಳ್ಳಲ್ಲ. ತಿರುವುಗಳಲ್ಲಿ ರಭಸದಿಂದ ಎಳೆದಾಡಿದಾಗ ಟಯರು ಬೇಗ ಕಾಯುತ್ತದೆ, ಒಳಗಿನ ಒತ್ತಡ ಏರುತ್ತದೆ. ಕಾದ ಮೇಲಿನ ಒತ್ತಡ ಹದಕ್ಕೆ ಬರಲೆಂದು ತಣ್ಣಗಿರುವಾಗ ತುಸು ಕಡಿಮೆ ಇಡುತ್ತಾರೆ. ಆದರೆ ಅಲ್ಲಿ ಸಾಮಾನ್ಯ ಕಾರು ಒಂದು ಸರದಿಗೆ ಹದಿನೈದು ಇಪ್ಪತ್ತು ನಿಮಿಷ ಓಡುತ್ತದೆ. ಕೊನೆಯ ಸುತ್ತನ್ನು ನಿಧಾನವಾಗಿ ಹೊಡೆದು ತಣಿಸುತ್ತಾರೆ. ನಿಲ್ಲಿಸಿ ಒತ್ತಡ ಅಳೆಯುತ್ತಾರೆ, ಟಯರಿನ ಭುಜ ಹರಿದಿದೆಯೇ ಎಂದು ಕೈಯಾಡಿಸಿ ನೋಡುತ್ತಾರೆ. ಇಳಿಯುವ ಮೊದಲೇ ವಾಹನದ ತಪಾಸಣೆ ಆಗಿರುತ್ತದೆ. ಚಾಲಕನ ತಲೆಗೆ ಹೆಲ್ಮೆಟ್ಟು, ಪಕ್ಕದಲ್ಲಿ ಆಂಬುಲೆನ್ಸು, ಎದುರಿಗೆ ಲಾರಿಯಿಲ್ಲ, ಹಿಂದಿನ ಸೀಟಿನಲ್ಲಿ ಅಜ್ಜಿಯಿಲ್ಲ. ನಮ್ಮವರು ಟ್ರ್ಯಾಕಿನಿಂದ ವೇಗವನ್ನು ತಂದರು, ಶಿಸ್ತನ್ನು ಅಲ್ಲೇ ಬಿಟ್ಟು ಬಂದರು. ಅದೇ ಕಾರಿನಲ್ಲಿ ಐದು ಜನ, ಡಿಕ್ಕಿಯಲ್ಲಿ ಜೋಳದ ಹಿಟ್ಟಿನ ಚೀಲ, ಉಪ್ಪಿನಕಾಯಿ ಭರಣಿ. ಮೇ ತಿಂಗಳ ಮಧ್ಯಾಹ್ನ, ಎರಡು ತಾಸು ಎಡೆಬಿಡದೆ 120. ಟ್ರ್ಯಾಕಿನಲ್ಲಿ ಓಡಿಸಿದ್ದಕ್ಕಿಂತ ಹೆಚ್ಚು ಅಪಾಯ ಇದರಲ್ಲಿದೆ ಎಂದರೆ ಯಾರೂ ನಂಬುವುದಿಲ್ಲ.

ನಾವು ಗುಮಾಸ್ತರು, ಮೋಟಾರು ಪಂಡಿತರಲ್ಲ. ಆದರೂ ಬಿ.ಎಸ್‌ಸಿ. ಓದಿದ ಋಣಕ್ಕೆ ನಾಲ್ಕು ಲೆಕ್ಕ ಹೇಳುತ್ತೇವೆ. ಜನರ ಸಮೇತ 1300 ಕಿಲೋ ತೂಗುವ ಕಾರಿನ ಟಯರುಗಳಲ್ಲಿ 32 ಪೌಂಡು ಗಾಳಿ ಇದ್ದರೆ, ಪ್ರತಿ ಟಯರು ನೆಲಕ್ಕೆ ತಾಗುವ ಜಾಗ ಸುಮಾರು 145 ಚದರ ಸೆಂಟಿಮೀಟರು. ಎಂದರೆ ಒಂದು ಅಂಗೈ ಅಗಲ. ಇಡೀ ಸಂಸಾರ ನಾಲ್ಕು ಅಂಗೈಗಳ ಮೇಲೆ ನಿಂತಿದೆ. ಸಣ್ಣ ಕಾರಿನ ಚಕ್ರ 120ರ ವೇಗದಲ್ಲಿ ಸೆಕೆಂಡಿಗೆ ಹದಿನೆಂಟು ಸಲ ಸುತ್ತುತ್ತದೆ. ಪ್ರತಿ ಸುತ್ತಿಗೂ ಟಯರಿನ ಪಕ್ಕೆ ಒಮ್ಮೆ ಮಡಚಿ ಬಿಚ್ಚಿಕೊಳ್ಳುತ್ತದೆ. ತಾಸಿಗೆ ಅರುವತ್ತೈದು ಸಾವಿರ ಸಲ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವಂತೆ ರಬ್ಬರೂ ಬಿಸಿಯಾಗುತ್ತದೆ. ಗಾಳಿ ಕಡಿಮೆ ಇದ್ದಷ್ಟೂ, ಹೊರೆ ಹೆಚ್ಚಾದಷ್ಟೂ ಬಾಗುವಿಕೆ ಹೆಚ್ಚು, ಬಿಸಿ ಹೆಚ್ಚು. ಕೊನೆಗೆ ಒಳಗಿನ ಉಕ್ಕಿನ ಪಟ್ಟಿಯಿಂದ ರಬ್ಬರು ಬಿಟ್ಟುಕೊಳ್ಳುತ್ತದೆ. "ಟಯರು ಇದ್ದಕ್ಕಿದ್ದಂತೆ ಸಿಡಿಯಿತು" ಎನ್ನುತ್ತೇವೆ. ಇದ್ದಕ್ಕಿದ್ದಂತೆ ಅಲ್ಲ, ತಿಂಗಳುಗಟ್ಟಲೆ ನಾವು ಅದನ್ನು ಸಿಡಿತಕ್ಕೆ ತಯಾರು ಮಾಡಿರುತ್ತೇವೆ.

ಇನ್ನೊಂದು ಮೌಢ್ಯ. ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ಬಿಸಿ ಟಯರಿಗೆ ಮೀಟರು ಹಚ್ಚಿ, 38 ತೋರಿಸಿತೆಂದು ಗಾಬರಿಯಾಗಿ 32ಕ್ಕೆ ಇಳಿಸುತ್ತಾರೆ. 25 ಡಿಗ್ರಿಯಲ್ಲಿ ತುಂಬಿದ 32 ಪೌಂಡು 65 ಡಿಗ್ರಿಗೆ ಏರಿದಾಗ 38 ಆಗುವುದು ಪ್ರಕೃತಿಯ ನಿಯಮ. ಅದನ್ನು ಆಗ ಇಳಿಸಿದರೆ ಮರುದಿನ ಬೆಳಿಗ್ಗೆ ಉಳಿಯುವುದು 26! ಗಾಳಿಯನ್ನು ತಣ್ಣಗಿರುವಾಗ ನೋಡಬೇಕು, ಬಿಸಿಯಾದಾಗ ಬಿಡಲೇಬಾರದು. "ನಾವು ನೈಟ್ರೋಜನ್ ಹಾಕಿಸಿದ್ದೇವೆ" ಎನ್ನುವವರಿಗೆ ಒಂದೇ ಮಾತು: ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್. ಅದು ತಾಯಿತವಲ್ಲ. ಸವೆದ ಟಯರಿಗೆ ಅದರಿಂದ ಮರುಜನ್ಮ ಬರುವುದಿಲ್ಲ.

ಮಳೆಗಾಲದಲ್ಲಿ ಇಗತಪುರಿಯ ಕಡೆ ಹೋಗುವವರು ಇದನ್ನೂ ಕೇಳಬೇಕು. ಅಮೆರಿಕದ ನಾಸಾ ಸಂಸ್ಥೆಯವರು 1960ರ ದಶಕದಲ್ಲಿ ವಿಮಾನದ ಟಯರುಗಳನ್ನು ಪರೀಕ್ಷಿಸಿ ಒಂದು ಸೂತ್ರ ಕೊಟ್ಟರು. ಅದರಂತೆ 30 ಪೌಂಡು ಗಾಳಿಯ ಟಯರು ನಿಂತ ನೀರಿನ ಮೇಲೆ ಸುಮಾರು 91 ಕಿ.ಮೀ. ವೇಗದಲ್ಲಿ ನೆಲ ಬಿಟ್ಟು ತೇಲುತ್ತದೆ. 20 ಪೌಂಡಿನದು 75ಕ್ಕೇ ತೇಲುತ್ತದೆ. ನೀರನ್ನು ಹೊರಗೆ ತಳ್ಳಲು ಇರುವುದೇ ಟಯರಿನ ಗೀರುಗಳು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಾರಿನ ಟಯರಿನ ಗೀರು 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು ಎನ್ನುತ್ತವೆ. ಗೀರಿನ ತಳದಲ್ಲಿರುವ ಸಣ್ಣ ಉಬ್ಬುಗಳ ಮಟ್ಟಕ್ಕೆ ಸವೆತ ಬಂದರೆ ಆ ಟಯರಿನ ಆಯುಷ್ಯ ಮುಗಿಯಿತೆಂದೇ ಅರ್ಥ.

ಈ ಉಪದೇಶ ಮಾಡಲು ನಮಗೇನು ಅಧಿಕಾರ? ಯಾವ ಅಧಿಕಾರವೂ ಇಲ್ಲ. ನಾಚಿಕೆಯ ಅನುಭವ ಇದೆ. ಹಿಂದಿನ ಬೇಸಿಗೆಯಲ್ಲಿ ನಾವು ನಾಲ್ಕು ಸಾವಿರ ಉಳಿಸಲು ಅಂಗಡಿಯೊಂದರಲ್ಲಿ ಸೆಕೆಂಡ್ ಹ್ಯಾಂಡ್ ಟಯರು ಹಾಕಿಸಿದೆವು. ಕಪ್ಪು ಬಳಿದು, ಗೀರನ್ನು ಹೊಸದಾಗಿ ಕೊರೆದು ಮಿರಿಮಿರಿ ಮಿಂಚಿಸಿದ್ದರು. ಅದರ ತಾರೀಖನ್ನು ನಾವು ಓದಲಿಲ್ಲ. ವೈಜಾಪುರ ದಾಟಿದ ಮೇಲೆ ಎಡಗಡೆಯ ಹಿಂದಿನ ಚಕ್ರ ಬಾಂಬಿನಂತೆ ಸಿಡಿಯಿತು. ಕಾರು ಹಾವಿನಂತೆ ಹೊರಳಿತು. ಹೇಗೋ ಬ್ರೇಕು ಒತ್ತದೆ ಸ್ಟೇರಿಂಗು ಬಿಗಿಹಿಡಿದೆವು. ಹಿಂದೆ ಲಾರಿ ಇರಲಿಲ್ಲ, ಬದುಕಿದೆವು. ಸ್ಟೆಪ್ನಿ ತೆಗೆದರೆ ಅದರಲ್ಲೂ ಗಾಳಿಯಿಲ್ಲ! ನೆರಳಿಲ್ಲದ ಆ ರಸ್ತೆಯ ಅಂಚಿನಲ್ಲಿ ಎಪ್ಪತ್ತೆಂಟು ವರ್ಷದ ನಮ್ಮವ್ವ ಸೆರಗು ತಲೆಗೆ ಹೊದ್ದು ಒಂದೂವರೆ ತಾಸು ಕುಳಿತಳು. "ಹೊಸಾದು ತಗೊಳ್ಳಾಕ ರೊಕ್ಕ ಇರಲಿಲ್ಲೇನೋ ತಮ್ಮಾ?" ಎಂದು ಒಂದೇ ಸಲ ಕೇಳಿದಳು. ರೊಕ್ಕ ಇತ್ತು. ಅದೇ ತಿಂಗಳು ಕಾರಿಗೆ ಹೊಸ ಸೀಟು ಕವರು ಹೊಲಿಸಿದ್ದೆವು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

ರಸ್ತೆಯದೇ ತಪ್ಪು ಎನ್ನುವ ಪಕ್ಷವೂ ನಮ್ಮಲ್ಲಿದೆ. ನ್ಯಾಯವಾಗಿ ಮಾತಾಡೋಣ. 701 ಕಿ.ಮೀ. ಉದ್ದದ ಈ ಮಾರ್ಗದ ಮೊದಲ ಭಾಗ 2022ರ ಡಿಸೆಂಬರಿನಲ್ಲಿ ತೆರೆಯಿತು, ಕೊನೆಯ ಭಾಗ 2025ರ ಜೂನಿನಲ್ಲಿ. ಇಲ್ಲಿಯ ಎಲ್ಲ ಸಾವುಗಳಿಗೂ ಟಯರು ಕಾರಣವಲ್ಲ. 2023ರ ಜುಲೈ 1ರಂದು ಬುಲಢಾಣಾ ಜಿಲ್ಲೆಯಲ್ಲಿ ಬಸ್ಸು ಹೊತ್ತಿ 25 ಜನ ಸುಟ್ಟುಹೋದಾಗ ಟಯರು ಸಿಡಿಯಿತೆಂದೇ ಮೊದಲು ಸುದ್ದಿಯಾಯಿತು. ಸಾರಿಗೆ ಅಧಿಕಾರಿಗಳ ವರದಿ ಅದನ್ನು ಒಪ್ಪಲಿಲ್ಲ. ಅದೇ ವರ್ಷ ಅಕ್ಟೋಬರಿನಲ್ಲಿ ವೈಜಾಪುರದ ಬಳಿ ನಾಸಿಕದ ಯಾತ್ರಿಕರ ವಾಹನ ಲಾರಿಗೆ ಬಡಿದು 12 ಜನ ಹೋದರು. ನೇರ ರಸ್ತೆ ತೂಕಡಿಕೆ ತರುತ್ತದೆ, ನಿಜ. ಕಾಂಕ್ರೀಟು ಕಾಯುತ್ತದೆ, ಅದೂ ನಿಜ. ಆದರೆ ರಸ್ತೆಯನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಟಯರನ್ನು ಬದಲಿಸುವುದು ನಮ್ಮ ಕೈಯಲ್ಲಿದೆ. 2023ರಲ್ಲಿ ಸಾರಿಗೆ ಇಲಾಖೆಯವರು ಪ್ರವೇಶದಲ್ಲೇ ಟಯರು ನೋಡಿ ಸವೆದವುಗಳನ್ನು ಹಿಂದಕ್ಕೆ ಕಳಿಸಿದಾಗ "ಕಿರುಕುಳ" ಎಂದು ಬೈದವರೂ ನಾವೇ ಅಲ್ಲವೇ? "ರಸ್ತೆಯನ್ನು 150ಕ್ಕೆ ಕಟ್ಟಿದ್ದಾರೆ" ಎಂಬ ವಾದಕ್ಕೆ ನಮ್ಮ ಪ್ರಶ್ನೆ: ನಿಮ್ಮ ಏಳು ವರ್ಷದ ಟಯರನ್ನು ಎಷ್ಟಕ್ಕೆ ಕಟ್ಟಿದ್ದಾರೆ?

ನಾಸಿಕದಲ್ಲೂ ಟಯರು ಕಾರ್ಖಾನೆ ಇದೆ, ಸಂಭಾಜಿನಗರದ ವಾಳೂಜಿನಲ್ಲೂ ಇದೆ. ಎರಡೂ ಊರುಗಳ ನಡುವೆ ಬೋಳು ಟಯರಿನಲ್ಲಿ ಓಡಾಡುವ ನಾವು ದೀಪದ ಕೆಳಗಿನ ಕತ್ತಲೆ.

ಆದ್ದರಿಂದ ಕಾರ್ಯಕಾರಿ ಸಮಿತಿಗೆ ನಮ್ಮ ಬೇಡಿಕೆ ಇಷ್ಟು. ಬಹುಮಾನದ ಸೂಚನೆಯನ್ನು ರದ್ದು ಮಾಡಿರಿ. ಮೆರವಣಿಗೆ ಬೇಕಿದ್ದರೆ 80ರ ವೇಗದಲ್ಲಿ ಹೋಗಲಿ. ಹೊರಡುವ ಹಿಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಕಾರುಗಳೆಲ್ಲ ಸಂಘದ ಅಂಗಳಕ್ಕೆ ಬರಲಿ. ನಾವು ಗಾಳಿಯ ಮೀಟರು, ಗೀರು ಅಳೆಯುವ ಕಡ್ಡಿ ಹಿಡಿದು ಕೂರುತ್ತೇವೆ. ಚಾಲಕನ ಬಾಗಿಲ ಕಂಬದ ಚೀಟಿಯಲ್ಲಿ ಪೂರ್ತಿ ಹೊರೆಗೆ ಎಷ್ಟು ಗಾಳಿ ಎಂದು ಬರೆದಿರುತ್ತದೆ. ಅಷ್ಟನ್ನೇ ತುಂಬೋಣ, ಸ್ಟೆಪ್ನಿಗೂ ತುಂಬೋಣ. ಐದೂ ಟಯರು ಪಾಸಾದ ಕಾರಿಗೆ ಮಾತ್ರ ಬಾವುಟ ಕಟ್ಟೋಣ.

ಈ ಲೇಖನಕ್ಕೆ ಮುಂದಿನ ಸಂಚಿಕೆಯಲ್ಲಿ ಉತ್ತರ ಕೊಡುವವರಿಗೆ ಸ್ವಾಗತ. ಒಂದೇ ಷರತ್ತು: ಬರೆಯುವ ಮುನ್ನ ಕೆಳಗಿಳಿದು ಹೋಗಿ ತಮ್ಮ ಟಯರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ಓದಲಿ. ಮೊದಲೆರಡು ವಾರ, ಕೊನೆಯೆರಡು ವರ್ಷ. 3219 ಎಂದರೆ 2019ರ ಮೂವತ್ತೆರಡನೆಯ ವಾರ. ಆ ಅಂಕಿಗಳನ್ನು ಪತ್ರದ ತಲೆಯಲ್ಲಿ ಬರೆದು ಕಳಿಸಿದರೆ, ಅವರ ವಾದವನ್ನು ನಾವು ಗೌರವದಿಂದ ಓದುತ್ತೇವೆ.