ತಡ ಅಲ್ಲ ಕಣ್ರೀ, ಅದು ಸಾಲ

‘ಪೊಸೆಷನ್ ಸ್ವಲ್ಪ ತಡ ಆಗುತ್ತೆ ಸರ್.’

ಬೆಂಗಳೂರಲ್ಲಿ ಫ್ಲ್ಯಾಟ್ ಬುಕ್ ಮಾಡಿದ ಬಹುತೇಕರು ಈ ಮಾತು ಕೇಳಿರ್ತಾರೆ. ಬಸ್ಸು ಹತ್ತು ನಿಮಿಷ ಲೇಟು ಅನ್ನೋ ಧಾಟಿಯಲ್ಲೇ ಇದನ್ನೂ ಹೇಳ್ತಾರೆ. ನನಗೆ ಈ ‘ತಡ’ ಅನ್ನೋ ಪದದ ಮೇಲೇ ತಕರಾರು. ಬಸ್ಸು ತಡವಾದರೆ ಡ್ರೈವರಿಗೆ ಲಾಭವೇನೂ ಇಲ್ಲ. ಫ್ಲ್ಯಾಟ್ ತಡವಾದರೆ ನಮ್ಮ ದುಡ್ಡು ಬಿಲ್ಡರ್ ಹತ್ತಿರ ಇನ್ನಷ್ಟು ದಿನ ದುಡಿಯುತ್ತೆ. ಅದಕ್ಕೆ ಕನ್ನಡದಲ್ಲಿ ಬೇರೆ ಪದ ಇದೆ, ಸಾಲ. ನಮ್ಮನ್ನ ಕೇಳದೇ ನಮ್ಮಿಂದ ತಗೊಂಡ ಸಾಲ.

ಲೆಕ್ಕ ಹಾಕಿ ನೋಡಿ. 1,200 ಚದರಡಿಯ ಫ್ಲ್ಯಾಟು, ಚದರಡಿಗೆ 6,000 ರೂಪಾಯಿ. ಒಟ್ಟು 72 ಲಕ್ಷ. ಹಳೇ ಅಗ್ರಿಮೆಂಟುಗಳಲ್ಲಿ, ತಡವಾದರೆ ತಿಂಗಳಿಗೆ ಚದರಡಿಗೆ 5 ರೂಪಾಯಿ ಪರಿಹಾರ ಅಂತ ಒಂದು ಸಾಲು ಇರ್ತಿತ್ತು. ಅಂದ್ರೆ ತಿಂಗಳಿಗೆ 6,000, ವರ್ಷಕ್ಕೆ 72,000. ಪೂರ್ತಿ ದುಡ್ಡು ಕೊಟ್ಟವನಿಗೆ ಶೇ. 1 ಬಡ್ಡಿ! ಅದೇ ಅಗ್ರಿಮೆಂಟಿನ ಇನ್ನೊಂದು ಪುಟದಲ್ಲಿ, ನಾವು ಕಂತು ತಡ ಮಾಡಿದರೆ ಶೇ. 18. ಶೇ. 1ಕ್ಕೆ ಸಾಲ ಕೊಡೋ ಬ್ಯಾಂಕು ಈ ದೇಶದಲ್ಲಿ ಇದ್ದರೆ ನನಗೂ ಅಡ್ರೆಸ್ ಕೊಡಿ. ಇಷ್ಟು ಅಗ್ಗದ ದುಡ್ಡು ಕೈಗೆ ಸಿಕ್ಕಾಗ, ಈ ಕಟ್ಟಡ ಮುಗಿಸೋದಕ್ಕಿಂತ ಅದನ್ನ ಮುಂದಿನ ಜಾಗಕ್ಕೆ ಸುರಿಯೋದೇ ಜಾಣತನ ಅಂತ ಯಾರಿಗಾದರೂ ಅನಿಸೀತು.

ನಮ್ಮ ಪಾಡು ನಿಮಗೆ ಗೊತ್ತೇ ಇದೆ. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಇಎಂಐ. ನನ್ನದೂ ಅದೇ ಕತೆ. ಮನೆ ಕಟ್ಟೋರು ಅವರು, ಕಂತು ಕಟ್ಟೋರು ನಾವು. ಅವರ ಕಟ್ಟೋ ಕೆಲಸ ನಿಂತರೂ ನಮ್ಮದು ನಿಲ್ಲೋ ಹಾಗಿಲ್ಲ.

ಈ ಅಸಮ ಲೆಕ್ಕ ಸರಿ ಮಾಡೋಕೆ ಅಂತಲೇ 2016ರಲ್ಲಿ ರೇರಾ ಕಾಯ್ದೆ ಬಂತು. 2017ರ ಮೇ 1ರಿಂದ ಪೂರ್ತಿ ಜಾರಿಯಾಯ್ತು. ಕರ್ನಾಟಕದ ನಿಯಮಗಳು ಅದೇ ವರ್ಷ ಜುಲೈನಲ್ಲಿ ಬಂದವು. ಅದರ ಸೆಕ್ಷನ್ 18 ಪ್ರತಿ ಖರೀದಿದಾರನಿಗೆ ಬಾಯಿಪಾಠ ಇರಬೇಕು. ಹೇಳಿದ ತಾರೀಖಿಗೆ ಮನೆ ಕೊಡದಿದ್ದರೆ ನಿಮ್ಮ ಮುಂದೆ ಎರಡು ದಾರಿ. ಬೇಡ ಅಂತ ಹೊರಬಂದರೆ ಬಡ್ಡಿ ಸಮೇತ ದುಡ್ಡು ವಾಪಸ್. ಮನೆಯೇ ಬೇಕು ಅಂದರೆ, ಕೈಗೆ ಸಿಗೋವರೆಗೆ ತಡವಾದ ಪ್ರತಿ ತಿಂಗಳಿಗೂ ಬಡ್ಡಿ. ನಮ್ಮ ರಾಜ್ಯದ ನಿಯಮದ ಪ್ರಕಾರ ಆ ಬಡ್ಡಿ ಎಸ್‌ಬಿಐನ ಎಂಸಿಎಲ್‌ಆರ್ ದರದ ಮೇಲೆ ಶೇ. 2 ಹೆಚ್ಚು. ನಾವು ತಡ ಮಾಡಿದರೂ ಅಷ್ಟೇ, ಅವರು ತಡ ಮಾಡಿದರೂ ಅಷ್ಟೇ. 18ಕ್ಕೆ 1ರ ಕಾಲ ಕಾಗದದ ಮೇಲಂತೂ ಮುಗೀತು.

‘ಲೇಬರ್ ಊರಿಗೆ ಹೋದರು’, ‘ಮರಳು ಸಿಗ್ತಿಲ್ಲ’, ‘ಸ್ಯಾಂಕ್ಷನ್ ಬಂದಿಲ್ಲ’ ಅಂತಾರಲ್ಲ, ಅದಕ್ಕೂ ಉತ್ತರ ಇದೆ. ಕಾಯ್ದೆ ಅನಿವಾರ್ಯ ಕಾರಣ ಅಂತ ಹೆಸರಿಸಿರೋದು ಯುದ್ಧ, ಪ್ರವಾಹ, ಬರ, ಬೆಂಕಿ, ಚಂಡಮಾರುತ, ಭೂಕಂಪ, ಇಂಥ ನೈಸರ್ಗಿಕ ವಿಪತ್ತುಗಳನ್ನ. ಬಿಲ್ಡರ್ ತಪ್ಪಿಲ್ಲದ ಬೇರೆ ಸಂದರ್ಭದಲ್ಲಿ ಪ್ರಾಧಿಕಾರ ಒಟ್ಟು ಒಂದು ವರ್ಷ ಮೀರದಂತೆ ನೋಂದಣಿ ವಿಸ್ತರಿಸಬಹುದು. ಆದರೆ ದುಡ್ಡು ವಾಪಸ್ ಕೇಳೋ ಹಕ್ಕು ಇಂಥ ಯಾವ ಷರತ್ತಿಗೂ ಒಳಪಡಲ್ಲ ಅಂತ ಸುಪ್ರೀಂ ಕೋರ್ಟ್ 2021ರ ನವೆಂಬರಿನಲ್ಲೇ ಹೇಳಿಬಿಟ್ಟಿದೆ. ತಡಕ್ಕೆ ಖರೀದಿದಾರ ಕಾರಣನಲ್ಲದಿದ್ದರೆ ಸಾಕು.

ಇನ್ನೊಂದು ಆಟ ಕೀ ಕೊಡೋ ದಿನ ನಡೆಯುತ್ತೆ. ‘ಇಲ್ಲೊಂದು ಸೈನ್ ಹಾಕಿ ಸರ್, ಫಾರ್ಮಾಲಿಟಿ’ ಅಂತ ಒಂದು ಕಾಗದ ಮುಂದಿಡ್ತಾರೆ. ಇನ್ನು ಯಾವ ಪರಿಹಾರವನ್ನೂ ಕೇಳಲ್ಲ ಅಂತ ಅದರಲ್ಲಿ ಬರೆದಿರುತ್ತೆ. ನಮ್ಮ ಬೇಗೂರಿನ ಪ್ರಾಜೆಕ್ಟೊಂದರ 339 ಖರೀದಿದಾರರ ಕೇಸು ಇದೇ ಥರದ್ದು. ಪರಿಹಾರದ ಹಕ್ಕು ಬಿಟ್ಟರೆ ಮಾತ್ರ ಕ್ರಯಪತ್ರ ಅನ್ನೋದು ಅನ್ಯಾಯ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟಿನಲ್ಲಿ ಹೇಳ್ತು. ಅಗ್ರಿಮೆಂಟಿನ ಆ 5 ರೂಪಾಯಿಯೇ ಕೊನೆ ಅಲ್ಲ ಅಂತ ಅದರ ಮೇಲೆ ವರ್ಷಕ್ಕೆ ಶೇ. 6 ಬಡ್ಡಿಯನ್ನೂ ಕೊಡಿಸ್ತು. ಒಸಿ ಇಲ್ಲದೆ ಕೀ ಕೊಡೋರ ವಿಷಯದಲ್ಲೂ ಹುಷಾರು. ಆಕ್ಯುಪೆನ್ಸಿ ಸರ್ಟಿಫಿಕೇಟ್ ಪಡೆಯೋದು ಬಿಲ್ಡರ್ ಕರ್ತವ್ಯ ಅಂತ ಕಾಯ್ದೆಯೇ ಹೇಳುತ್ತೆ. ಅದಿಲ್ಲದೆ ಕೊಟ್ಟ ಕೀಲಿಯಿಂದ ಬಾಗಿಲು ತೆಗೀಬಹುದು, ಬಿಲ್ಡರ್ ಹೊಣೆ ಮುಗಿಯಲ್ಲ.

ಇಷ್ಟೆಲ್ಲ ಇದ್ದೂ ನಾವು ಯಾಕೆ ಸುಮ್ಮನಿದ್ದೀವಿ? ನಮ್ಮ ವಾಟ್ಸಾಪ್ ಗುಂಪಲ್ಲಿ ಎರಡು ಭಯ ದಿನಾ ಓಡಾಡುತ್ತೆ. ಒಂದು, ‘ಕೇಸ್ ಹಾಕಿದ್ರೆ ಬಿಲ್ಡರಿಗೆ ಸಿಟ್ಟು ಬಂದು ಇನ್ನೂ ತಡ ಮಾಡ್ತಾನೆ.’ ಸ್ವಾಮಿ, ಈಗಿನ ತಡ ಪ್ರೀತಿಯಿಂದ ಮಾಡಿದ್ದಾ? ಬಡ್ಡಿಯ ಮೀಟರ್ ಓಡೋಕೆ ಶುರುವಾದರೆ ತಡ ಮಾಡೋದೇ ಅವನಿಗೆ ದುಬಾರಿ. ಎರಡು, ‘ಸುದ್ದಿಯಾದ್ರೆ ರೀಸೇಲ್ ಬೆಲೆ ಬೀಳುತ್ತೆ.’ ಕಟ್ಟಡವೇ ಎದ್ದಿಲ್ಲ, ಅದರ ಮಾರಾಟದ ಬೆಲೆ ಕಾಯ್ತಾ ಕೂತಿದ್ದೀವಿ. ಸೋಮವಾರ ಆಫೀಸಲ್ಲಿ ವೆಂಡರ್ ಒಂದು ವಾರ ತಡ ಮಾಡಿದ್ರೆ ಎಸ್ಕಲೇಶನ್ ಮೇಲ್ ಹಾಕೋ ನಾವೇ, ಶನಿವಾರ ಸೈಟ್ ಆಫೀಸಲ್ಲಿ ಕಾಫಿ ಕುಡಿದು ನಗ್ತಾ ವಾಪಸ್ ಬರ್ತೀವಿ.

ಬಿಲ್ಡರ್ ಮೇಲಿನ ನನ್ನ ಸಿಟ್ಟು ಹೀಗಾದರೆ, ಸರ್ಕಾರದ ಮೇಲಿನದು ಅದರ ಎರಡರಷ್ಟು. ದೂರನ್ನ 60 ದಿನದಲ್ಲಿ ಮುಗಿಸೋ ಪ್ರಯತ್ನ ಮಾಡಬೇಕು ಅನ್ನುತ್ತೆ ಕಾಯ್ದೆ. ಆದೇಶ ಬಂದರೂ ಬಿಲ್ಡರ್ ಕಟ್ಟದಿದ್ದರೆ ಅದನ್ನ ಭೂಕಂದಾಯದ ಬಾಕಿ ಅಂತ ವಸೂಲಿ ಮಾಡಬಹುದು. ಅಂದ್ರೆ ಆಸ್ತಿ ಜಪ್ತಿ ಮಾಡಿ ಹರಾಜು ಹಾಕೋ ಅಧಿಕಾರ ಕಂದಾಯ ಇಲಾಖೆಗೆ ಇದೆ. ಆದರೆ ವಸೂಲಿ ಪತ್ರ ಹಿಡಿದ ಖರೀದಿದಾರ ತಹಸೀಲ್ದಾರ್ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸ್ತಾನೆ. ನಮ್ಮಿಂದ ಸ್ಟ್ಯಾಂಪ್ ಡ್ಯೂಟಿ ವಸೂಲಿ ಮಾಡುವಾಗ ಇದೇ ಸರ್ಕಾರಕ್ಕೆ ಒಂದು ದಿನವೂ ತಡ ಆಗಲ್ಲ. ಕೊಡಿಸೋಕೆ ಬಂದಾಗ ಮಾತ್ರ ಸಿಬ್ಬಂದಿ ಕೊರತೆ. ವಸೂಲಿಯಾಗದ ಆದೇಶ ಬರೀ ಕಾಗದ. ಅದು ಬಿಲ್ಡರಿಗೂ ಚೆನ್ನಾಗಿ ಗೊತ್ತು. ವಸೂಲಿಗೆ ಅಂತಲೇ ಅಧಿಕಾರಿಗಳು ಬೇಕು. ಯಾವ ಬಿಲ್ಡರ್ ಎಷ್ಟು ಬಾಕಿ ಅನ್ನೋ ಪಟ್ಟಿ ತಿಂಗಳಿಗೊಮ್ಮೆ ಹೊರಬರಬೇಕು. ಬಾಕಿ ಉಳಿಸಿಕೊಂಡವನ ಮುಂದಿನ ಪ್ರಾಜೆಕ್ಟಿಗೆ ನೋಂದಣಿ ಕೊಡಬಾರದು. ಇವನ್ನ ನಾವು ವೋಟು ಕೇಳೋಕೆ ಬಂದವರ ಮುಂದೆ ಇಡಬೇಕು.

ಅಲ್ಲಿವರೆಗೆ ನಮ್ಮ ಪಾಲಿನ ಕೆಲಸ ಮಾಡೋಣ. ಅಗ್ರಿಮೆಂಟ್ ತೆಗೆದು ಪೊಸೆಷನ್ ತಾರೀಖು ನೋಡಿ. ಬಿಲ್ಡರ್ ಆಮೇಲೆ ರೇರಾದಲ್ಲಿ ಬದಲಿಸಿಕೊಂಡ ತಾರೀಖಲ್ಲ, ನಿಮ್ಮ ಸಹಿ ಇರೋ ಅಗ್ರಿಮೆಂಟಿನದು. ಕೊಟ್ಟ ದುಡ್ಡಿನ ರಸೀತಿ, ಬಂದ ಮೇಲ್ ಎಲ್ಲ ಒಂದು ಕಡೆ ಸೇರಿಸಿ. ಫೋನಲ್ಲಿ ಹೇಳಿದ್ದನ್ನ ಮೇಲಲ್ಲಿ ಬರೆಸಿ. ದೂರು ಕೊಡೋಕೆ ವಕೀಲರೇ ಬೇಕು ಅಂತಿಲ್ಲ, ಖುದ್ದಾಗಿ ವಾದಿಸಬಹುದು. ಗ್ರಾಹಕ ಆಯೋಗದ ಬಾಗಿಲೂ ತೆರೆದೇ ಇದೆ. ಒಬ್ಬರೇ ಹೋಗೋಕೆ ಹಿಂಜರಿಕೆ ಅಂದ್ರೆ ಇಪ್ಪತ್ತು ಜನ ಸೇರಿ ಹೋಗಿ. ಕೊಟ್ಟ ಸಾಲಕ್ಕೆ ಬಡ್ಡಿ ಕೇಳೋದು ಜಗಳಗಂಟತನ ಅಲ್ಲ.